ದೆವ್ವದ ಸಿನಿಮಾ ಮತ್ತು ಕೇರಿಯ ನಗು

ಬಂಡಾಯದ ಪತ್ರಿಕೆಯಲ್ಲಿ ದೆವ್ವದ ಸಿನಿಮಾಕ್ಕೆ ಏನು ಕೆಲಸ ಎಂದು ಗೆಳೆಯರು ಕೇಳಿದ್ದಾರೆ. ಭೂಮಿಯ ಬಗ್ಗೆ ಬರೆಯಿರಿ, ಮೀಸಲಾತಿಯ ಬಗ್ಗೆ ಬರೆಯಿರಿ, ಹಾಸ್ಟೆಲಿನ ಹುಳ ಬಿದ್ದ ಅಕ್ಕಿಯ ಬಗ್ಗೆ ಬರೆಯಿರಿ. ಅದನ್ನೆಲ್ಲ ಬಿಟ್ಟು ಬಿಳಿ ಸೀರೆ ಉಟ್ಟ ಮೋಹಿನಿಯ ಹಿಂದೆ ಹೋಗುವುದು ಪಲಾಯನ ಎಂಬುದು ಅವರ ಆಕ್ಷೇಪ. ಆಕ್ಷೇಪ ಸರಿಯಾಗಿಯೇ ಇದೆ. ಆದರೆ ನಾವು ಮೊದಲು ಒಂದು ತಪ್ಪೊಪ್ಪಿಗೆ ಮಾಡಿಬಿಡುತ್ತೇವೆ. ನಮಗೆ ದೆವ್ವದ ಸಿನಿಮಾ ಎಂದರೆ ಹುಚ್ಚು. ಒಳ್ಳೆಯ ದೆವ್ವದ ಸಿನಿಮಾ ಮಾತ್ರವಲ್ಲ, ಕೆಟ್ಟದ್ದೂ ಬೇಕು. ರಬ್ಬರಿನ ಮುಖವಾಡದ ಅಂಚು ಕುತ್ತಿಗೆಯ ಹತ್ತಿರ ಕಿತ್ತುಕೊಂಡು ಕಾಣಿಸುವಂಥದ್ದು, ಹಗಲಲ್ಲಿ ತೆಗೆದು ನೀಲಿ ಬಣ್ಣ ಬಳಿದು ರಾತ್ರಿ ಎಂದು ನಂಬಿಸುವಂಥದ್ದು, ಎಲ್ಲವೂ ಬೇಕು. ಕೆರೆಬಿಳಚಿ ಸೀಮೆಯ ನಮ್ಮಂಥ ಹುಡುಗರು ಕವಿತೆ ಓದುವುದಕ್ಕೆ ಮುಂಚೆ ನೋಡಿದ್ದು ಇವನ್ನೇ. ಗಣಪತಿ ಹಬ್ಬಕ್ಕೆ ಬಾಡಿಗೆ ತಂದ ಡಿವಿಡಿಯಲ್ಲಿ ನೋಡಿದೆವು. ಆಮೇಲೆ ಚನ್ನಗಿರಿಯ ಮೊಬೈಲ್ ಅಂಗಡಿಯಲ್ಲಿ ದುಡ್ಡು ಕೊಟ್ಟು ಮೆಮೊರಿ ಕಾರ್ಡಿಗೆ ತುಂಬಿಸಿಕೊಂಡು, ನಾಲ್ಕು ಜನ ಒಂದು ಕಂಬಳಿಯೊಳಗೆ ತಲೆ ತೂರಿಸಿ ನೋಡಿದೆವು.

ನಾವು ಪ್ರೀತಿಸಿದ್ದನ್ನು ನಾವೇ ಪರೀಕ್ಷೆ ಮಾಡಬೇಕು. ಇಲ್ಲದಿದ್ದರೆ ಬೇರೆಯವರು ಬಂದು ಮಾಡುತ್ತಾರೆ, ಅವರ ಲೆಕ್ಕದಲ್ಲಿ ಮಾಡುತ್ತಾರೆ. ಅದಕ್ಕೇ ಈ ಬರಹ.

ಮೊದಲು ನಮ್ಮ ಕೇರಿ ಎಲ್ಲಿದೆ ಎಂದು ಹೇಳಬೇಕು. ಊರು ದಾಟಿದ ಮೇಲೆ ಕೇರಿ, ಕೇರಿ ದಾಟಿದ ಮೇಲೆ ಸುಡುಗಾಡು. ಕರ್ನಾಟಕದ ಎಷ್ಟೋ ಹಳ್ಳಿಗಳ ನಕ್ಷೆ ಇದೇ. ಊರಿನವರಿಗೆ ಸುಡುಗಾಡು ದೂರ, ನಮಗೆ ಹಿತ್ತಲು. ಸತ್ತವರ ಮುಂದೆ ಹಲಗೆ ಬಡಿದು ನಡೆದವರು ನಮ್ಮವರು. ಗುಂಡಿ ತೋಡಿದವರು ನಮ್ಮವರು. ಮೂರನೇ ದಿನ ಎಡೆ ಇಟ್ಟ ಅನ್ನವನ್ನು ಕಾಗೆಯ ಜೊತೆ ಪೈಪೋಟಿ ಮಾಡಿ ತಿಂದ ಮಕ್ಕಳೂ ನಮ್ಮವರೇ. ಸಿನಿಮಾದಲ್ಲಿ ಸ್ಮಶಾನ ತೋರಿಸಿ, ನಾಯಿ ಊಳಿಡಿಸಿ, ಹೊಗೆ ಬಿಟ್ಟಾಗ ಊರಿನ ಹುಡುಗರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಮ್ಮ ಹುಡುಗರು ನಗುತ್ತಿದ್ದರು. 'ಲೇ, ನಮ್ಮನಿ ಹಿಂದುಗಡೆ ಬಂದೈತಲೋ ಶೂಟಿಂಗು' ಎಂದು ಒಬ್ಬ ಕೂಗಿದರೆ ಕೇರಿಗೆ ಕೇರಿಯೇ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಆ ನಗೆಯಲ್ಲಿ ಧೈರ್ಯವಿತ್ತು. ಅವಮಾನವೂ ಇತ್ತು. ಬೇರೆಯವರಿಗೆ ನರಕದ ಚಿತ್ರವಾಗಿ ಕಾಣುವುದು ನಮಗೆ ವಿಳಾಸ ಎಂದು ಗೊತ್ತಾದಾಗ ಬರುವ ನಗು ಅದು.

ಸಿದ್ಧಲಿಂಗಯ್ಯನವರು 'ಊರುಕೇರಿ'ಯಲ್ಲಿ ಸ್ಮಶಾನದ ಜೊತೆಗಿನ ತಮ್ಮ ಸಲುಗೆಯನ್ನು ಬರೆದಿದ್ದಾರೆ. ಬೆಂಗಳೂರಿನ ಕೊಳೆಗೇರಿಯಿಂದ ಬಂದ ಹುಡುಗನಿಗೆ ಓದಲು, ಯೋಚಿಸಲು ಶಾಂತವಾದ ಜಾಗ ಸಿಕ್ಕಿದ್ದು ಗೋರಿಗಳ ನಡುವೆ. ಅದನ್ನು ಓದಿದಾಗ ನಮಗೆ ಅಚ್ಚರಿಯಾಗಲಿಲ್ಲ. ಅಚ್ಚರಿಪಟ್ಟವರು ಆ ಪುಸ್ತಕವನ್ನು ಮೆಚ್ಚಿದ ಮೇಲ್ಜಾತಿಯ ವಿಮರ್ಶಕರು.

ನಮ್ಮ ತಾತನ ಮಾತು ಇಲ್ಲಿ ಹೇಳಬೇಕು. ತಾತ ಬೇರೆಯವರ ಗದ್ದೆಗೆ ರಾತ್ರಿ ನೀರು ಕಟ್ಟಲು ಹೋಗುತ್ತಿದ್ದ. ನಾಲೆಯ ನೀರು ನಮ್ಮ ಕಡೆಗೆ ಬಿಡುತ್ತಿದ್ದದ್ದು ಸರಿರಾತ್ರಿಯಲ್ಲಿ. ಏರಿಯ ಮೇಲೆ ಕೊಳ್ಳಿದೆವ್ವ ಐತಿ, ಹುಣಸೆಮರದಲ್ಲಿ ಬಾಣಂತಿ ದೆವ್ವ ಐತಿ ಎಂದು ಹೇಳಿದವರೆಲ್ಲ ಕದ ಹಾಕಿಕೊಂಡು ಮಲಗುತ್ತಿದ್ದರು. ಸನಿಕೆ ಹೆಗಲಿಗೆ ಹಾಕಿಕೊಂಡು ಅದೇ ಏರಿಯ ಮೇಲೆ, ಅದೇ ಹುಣಸೆಮರದ ಕೆಳಗೆ ನಡೆದು ಹೋಗಬೇಕಾದವನು ನಮ್ಮ ತಾತ. 'ದೆವ್ವ ಕಂಡಿದ್ಯಾ ತಾತ' ಎಂದು ಕೇಳಿದರೆ, 'ದೆವ್ವಕ್ಕೆ ಹೆದರಿದ್ರೆ ಸಾಹುಕಾರನಿಗೆ ಏನ್ ಹೇಳ್ಲಿ' ಎನ್ನುತ್ತಿದ್ದ. ಎರಡು ಭಯಗಳನ್ನು ತಕ್ಕಡಿಯಲ್ಲಿಟ್ಟು ತೂಗಿದವನ ಉತ್ತರ ಇದು. ದೆವ್ವದ ಭಯ ಹಗುರವಾಗಿತ್ತು.

ಅಜ್ಜಿಯದು ಇನ್ನೊಂದು ತರ. 'ದೆವ್ವಕ್ಕೂ ಅಡಿಕೆ ತೋಟ ಇದ್ದೋರ ಮನೀನೇ ಬೇಕು. ನಮ್ಮ ಗುಡಿಸಲಿಗೆ ಬಂದ್ರೆ ಅದಕ್ಕೂ ಉಪಾಸ' ಎನ್ನುತ್ತಿದ್ದಳು. ಅಜ್ಜಿ ಹೇಳಿದ್ದು ಸಿನಿಮಾ ವಿಮರ್ಶೆ ಎಂದು ನಮಗೆ ಗೊತ್ತಾಗಿದ್ದು ಡಿಗ್ರಿ ಮುಗಿದ ಮೇಲೆ.

*

ನೋಡಿ, ನಮ್ಮ ದೆವ್ವದ ಸಿನಿಮಾಗಳಲ್ಲಿ ದೆವ್ವ ಎಲ್ಲಿ ಇರುತ್ತದೆ? ಅರಮನೆಯಲ್ಲಿ, ಬಂಗಲೆಯಲ್ಲಿ, ಹವೇಲಿಯಲ್ಲಿ. ಎಕರೆಗಟ್ಟಲೆ ಜಮೀನು ಇದ್ದವರ ಮನೆಯಲ್ಲಿ. ಆ ದೆವ್ವ ಯಾರು? ಆ ಮನೆಯ ಯಜಮಾನ ಹಿಂದೆ ಯಾವತ್ತೋ ಕೊಂದ, ಕೆಡಿಸಿದ, ಹೂತು ಹಾಕಿದ ಜೀವ. ಮುಕ್ಕಾಲು ಪಾಲು ಹೆಂಗಸು. ಅವಳು ನರ್ತಕಿಯಾಗಿರುತ್ತಾಳೆ, ಕೆಲಸದವಳಾಗಿರುತ್ತಾಳೆ, ಬಡವರ ಮಗಳಾಗಿರುತ್ತಾಳೆ. ಅಂದರೆ ದೆವ್ವ ಎಂಬುದು ದೂರು. ದಾಖಲಾಗದೆ ಉಳಿದ ದೂರು. ಠಾಣೆಯಲ್ಲಿ ಬರೆದುಕೊಳ್ಳದ್ದು, ಪಂಚಾಯ್ತಿಯಲ್ಲಿ ರಾಜಿ ಮಾಡಿಸಿ ಬಾಯಿ ಮುಚ್ಚಿಸಿದ್ದು, ರಾತ್ರಿ ಗೆಜ್ಜೆ ಕಟ್ಟಿಕೊಂಡು ಬರುತ್ತದೆ.

1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಅದೇ 1979ರಲ್ಲಿ ಅನಂತನಾಗ್, ಲಕ್ಷ್ಮಿ ನಟಿಸಿದ 'ನಾ ನಿನ್ನ ಬಿಡಲಾರೆ' ಬಂತು. ನಮ್ಮ ತಾಯಂದಿರ ಕಾಲದ ಜನ ಇವತ್ತಿಗೂ ಆ ಹೆಸರು ಹೇಳಿದರೆ ಒಮ್ಮೆ ಹಿಂದೆ ತಿರುಗಿ ನೋಡುತ್ತಾರೆ. ಗಂಡಸಿನ ಮೈಯೊಳಗೆ ಹೆಣ್ಣು ದೆವ್ವ ಹೊಕ್ಕು ಅವನನ್ನು ಆಡಿಸುವ ಕಥೆ. ಹೆಂಗಸಿನ ಮೈಮೇಲೆ ಬರುವುದನ್ನೇ ಕಂಡಿದ್ದ ಜನಕ್ಕೆ ಅದು ಹೊಸದು. ಅನಂತನಾಗ್ ಮುಖದಲ್ಲೇ ಹೆದರಿಸಿದರು, ಮುಖವಾಡ ಬೇಕಾಗಲಿಲ್ಲ. ಆದರೆ ಕೊನೆಗೆ ಏನಾಗುತ್ತದೆ? ಹೆಂಡತಿಯ ಭಕ್ತಿ, ತಾಳಿ, ದೇವರು ಗೆಲ್ಲುತ್ತವೆ. ದೆವ್ವ ಸೋಲುತ್ತದೆ. ದೆವ್ವದ ಮಾತು ಏನಿತ್ತು ಎಂದು ಕೇಳುವವರಿಲ್ಲ. ಒಂದೇ ವರ್ಷ ಎರಡು ಧ್ವನಿಗಳು ಎದ್ದವು. ಒಂದು, ಬಿಡಲಾರೆವು ಎಂದು ಬೀದಿಗೆ ಬಂತು. ಇನ್ನೊಂದನ್ನು ಪರದೆಯ ಮೇಲೆ ಮಂತ್ರ ಹಾಕಿ ಬಿಡಿಸಿದರು.

ಹಿಂದಿಯಲ್ಲಿ ರಾಮ್ಸೆ ಸೋದರರು ಇದ್ದರು. ಏಳು ಜನ ಅಣ್ಣತಮ್ಮಂದಿರು. ಕರಾಚಿಯಲ್ಲಿ ರೇಡಿಯೋ ಅಂಗಡಿ ಇಟ್ಟಿದ್ದ ಮನೆತನ, ದೇಶವಿಭಜನೆಯಲ್ಲಿ ಬೊಂಬಾಯಿಗೆ ಬಂತು. 1972ರಲ್ಲಿ 'ದೋ ಗಜ್ ಜಮೀನ್ ಕೇ ನೀಚೇ' ಮಾಡಿದರು. ಒಬ್ಬ ಕ್ಯಾಮೆರಾ, ಒಬ್ಬ ಧ್ವನಿ, ಒಬ್ಬ ನಿರ್ದೇಶನ. ಕಡಿಮೆ ದುಡ್ಡು, ಕಡಿಮೆ ದಿನ. ದೊಡ್ಡ ಪೇಟೆಯ ವಿಮರ್ಶಕರು ಇವರನ್ನು ಮೂಸಿಯೂ ನೋಡಲಿಲ್ಲ. ಸಣ್ಣ ಊರಿನ ಟಾಕೀಸುಗಳು ಇವರನ್ನು ಸಾಕಿದವು. ಅವರ 'ಪುರಾನಾ ಮಂದಿರ್' (1984) ನಾವು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇವೆ. ಸಾಮ್ರಿ ಎಂಬ ರಾಕ್ಷಸನ ರುಂಡ ಒಂದು ಕಡೆ, ಮುಂಡ ಇನ್ನೊಂದು ಕಡೆ. ಮುಂಡವನ್ನು ಹಳೇ ದೇವಸ್ಥಾನದಲ್ಲಿ ಹೂಳುತ್ತಾರೆ. ರುಂಡವನ್ನು ಪೆಟ್ಟಿಗೆಯಲ್ಲಿಟ್ಟು ರಾಜಮನೆತನದ ಹವೇಲಿಯಲ್ಲಿ ಬಚ್ಚಿಡುತ್ತಾರೆ. ಎರಡೂ ಸೇರಿದರೆ ಅನಾಹುತ. ಅದೇ ಸಿನಿಮಾದೊಳಗೆ ಜಗದೀಪ್ ನಟಿಸಿದ 'ಶೋಲೆ'ಯ ಅಣಕವೂ ಇದೆ. ಹೆದರಿಸುವುದು, ನಗಿಸುವುದು ಎರಡೂ ಒಂದೇ ಟಿಕೆಟಿಗೆ.

ಈ ಸಾಮ್ರಿ ಕೆಟ್ಟವನೇ, ಅದರಲ್ಲಿ ಮಾತಿಲ್ಲ. ಆದರೂ ದೊಡ್ಡಮನೆಯಲ್ಲಿ ಬಚ್ಚಿಟ್ಟ ತಲೆ, ದೇವಸ್ಥಾನದಲ್ಲಿ ಹೂತ ಮೈ ಎಂಬ ಚಿತ್ರ ನಮ್ಮನ್ನು ಬಿಡಲಿಲ್ಲ. ಮೈ ದುಡಿಯಬೇಕು, ತಲೆ ಇರಬಾರದು. ಇವೆರಡೂ ಕೂಡಿದ ದಿನ ಹವೇಲಿ ಉಳಿಯುವುದಿಲ್ಲ. ರಾಮ್ಸೆ ಸೋದರರು ಇದನ್ನು ಯೋಚಿಸಿ ಮಾಡಿರಲಿಕ್ಕಿಲ್ಲ. ಯೋಚಿಸದೆ ಮಾಡಿದ ಸಿನಿಮಾದಲ್ಲೇ ಸಮಾಜದ ಒಳಗುಟ್ಟು ಹೆಚ್ಚು ಹೊರಬೀಳುತ್ತದೆ. ಕೆಟ್ಟ ಸಿನಿಮಾ ಕೂಡ ಓದಬೇಕಾದ ಪಠ್ಯ ಎಂದು ನಾವು ಹೇಳುವುದು ಇದಕ್ಕೇ.

*

ಈಗ 'ಆಪ್ತಮಿತ್ರ'ಕ್ಕೆ ಬರೋಣ. ಕನ್ನಡದಲ್ಲಿ ಅಭಿಮಾನಿಗಳು ತಲೆಯ ಮೇಲೆ ಹೊತ್ತು ಮೆರೆಸಿದ ದೆವ್ವದ ಸಿನಿಮಾ ಇದ್ದರೆ ಇದೇ. 1993ರ ಮಲಯಾಳದ 'ಮಣಿಚಿತ್ರತ್ತಾಳು' ಇದರ ಮೂಲ. 2004ರಲ್ಲಿ ಪಿ. ವಾಸು ಕನ್ನಡಕ್ಕೆ ತಂದರು. ವಿಷ್ಣುವರ್ಧನ್, ಸೌಂದರ್ಯ, ರಮೇಶ್ ಅರವಿಂದ್. ಆಮೇಲೆ ತಮಿಳಿನಲ್ಲಿ 'ಚಂದ್ರಮುಖಿ' (2005), ಹಿಂದಿಯಲ್ಲಿ 'ಭೂಲ್ ಭುಲಯ್ಯಾ' (2007) ಆಯಿತು. ಇದರಲ್ಲಿ ದೆವ್ವ ಇಲ್ಲ. ಅದೇ ಇದರ ವಿಶೇಷ. ಗಂಗಾ ಎಂಬ ಹೆಣ್ಣುಮಗಳ ಮನಸ್ಸು ಒಡೆದು, ಹಿಂದೆ ಅರಮನೆಯಲ್ಲಿ ರಾಜನಿಂದ ಕೊಲೆಯಾದ ನಾಗವಲ್ಲಿ ಎಂಬ ನರ್ತಕಿ ತಾನೇ ಎಂದು ನಂಬುತ್ತದೆ. ಮನೋವೈದ್ಯ ಬಂದು ಇದು ಕಾಯಿಲೆ ಎನ್ನುತ್ತಾನೆ. ಇಷ್ಟರಮಟ್ಟಿಗೆ ಇದು ವೈಚಾರಿಕ ಸಿನಿಮಾ. ನಾವು ಮೆಚ್ಚುತ್ತೇವೆ. ಮೈಮೇಲೆ ಬಂದ ಹೆಂಗಸಿಗೆ ಬೇವಿನ ಬರಲು ತೆಗೆದುಕೊಂಡು ಬಾರಿಸುವುದನ್ನು ಕಂಡ ಕಣ್ಣುಗಳಿಗೆ, ಕಾಯಿಲೆ ಎಂಬ ಒಂದು ಮಾತು ಕೇಳಿಸುವುದೂ ದೊಡ್ಡದು.

ಆದರೆ ಮುಂದೆ ನೋಡಿ. ವೈದ್ಯ ಒಬ್ಬನೇ ಸಾಲುವುದಿಲ್ಲ, ಆಚಾರ್ಯರು ಬೇಕಾಗುತ್ತಾರೆ. ವಿಜ್ಞಾನ ಅರ್ಧ ದಾರಿಗೆ ಬಂದು ಪುರೋಹಿತಶಾಹಿಯ ಕೈ ಹಿಡಿದು ನಿಲ್ಲುತ್ತದೆ. ಮಂಡಲ ಬರೆಯುತ್ತಾರೆ, ಹೋಮದ ಹೊಗೆ ಏಳುತ್ತದೆ. ಕೊನೆಗೆ ನಾಗವಲ್ಲಿಗೆ ರಾಜನನ್ನು ಕೊಟ್ಟ ಹಾಗೆ ಮಾಡಿ, ಗೊಂಬೆ ಕೊಡುತ್ತಾರೆ. ಅವಳು ಗೊಂಬೆಯನ್ನು ಕೊಂದು ಸೇಡು ತೀರಿತು ಎಂದು ಹೊರಟುಹೋಗುತ್ತಾಳೆ. ಥಿಯೇಟರಿನಲ್ಲಿ ಶಿಳ್ಳೆ ಬೀಳುತ್ತದೆ. ಸಂಸಾರ ಸರಿಹೋಯಿತು, ಅರಮನೆ ಉಳಿಯಿತು, ಆಸ್ತಿ ಆಸ್ತಿಯಾಗಿಯೇ ಇದೆ.

ನಾಗವಲ್ಲಿಗೆ ಸಿಕ್ಕಿದ್ದು ಗೊಂಬೆಯ ನ್ಯಾಯ. ನಮಗೆ ಇದು ಚೆನ್ನಾಗಿ ಗೊತ್ತಿರುವ ನ್ಯಾಯ. ಕೊಲೆಯಾಗುತ್ತದೆ, ಮಂತ್ರಿ ಬರುತ್ತಾರೆ, ಪರಿಹಾರದ ಚೆಕ್ಕು ಬರುತ್ತದೆ, ಆಯೋಗ ಬರುತ್ತದೆ, ವರದಿ ಬರುತ್ತದೆ. ಕೊಂದವನು ಮಾತ್ರ ಕೈಗೆ ಸಿಗುವುದಿಲ್ಲ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 7 ಜನ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಅದೇ ಊರಲ್ಲಿ, ಅದೇ ಬಾವಿಯ ನೀರು ಕುಡಿದು ಬದುಕಬೇಕಾದ ಸಾಕ್ಷಿಗಳನ್ನು ನಾವು ಬಯ್ಯಲಾರೆವು. ಹೇಳಿಕೆ ಬದಲಿಸದೆ ಉಳಿದವರು ಸತ್ತ ಆ 7 ಜನ ಮಾತ್ರ. ಇಂಥ ನಾಡಿನಲ್ಲಿ ಸತ್ತವರು ಎದ್ದು ಬಂದು ಮಾತಾಡುವ ಕಥೆ ಜನಕ್ಕೆ ಯಾಕೆ ರುಚಿಸುತ್ತದೆ ಎಂದು ಯಾರಾದರೂ ಕೇಳಿದರೆ, ಕೇಳಿದವನಿಗೆ ನಾಡು ಗೊತ್ತಿಲ್ಲ ಎಂದು ಅರ್ಥ.

'ಆಪ್ತಮಿತ್ರ'ದ ಅಭಿಮಾನದ ಇನ್ನೊಂದು ಮುಖವೂ ಇದೆ. 2004ರ ಏಪ್ರಿಲ್ 17ರಂದು ಸೌಂದರ್ಯ ವಿಮಾನ ಬಿದ್ದು ತೀರಿಕೊಂಡರು. ಸಿನಿಮಾ ಬಿಡುಗಡೆಯಾಗಿದ್ದು ಆಗಸ್ಟಿನಲ್ಲಿ. ಮುಂದುವರಿದ ಭಾಗ 'ಆಪ್ತರಕ್ಷಕ' 2010ರ ಫೆಬ್ರವರಿಯಲ್ಲಿ ತೆರೆಗೆ ಬರುವುದಕ್ಕೆ ಮುಂಚೆ, 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ಮೈಸೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ತಗೋ, ನಾಗವಲ್ಲಿಯ ಶಾಪ ಎಂದು ಮಾತು ಹಬ್ಬಿತು. ಬಸ್ ಸ್ಟ್ಯಾಂಡಿನಲ್ಲಿ, ಕಟಿಂಗ್ ಶಾಪಿನಲ್ಲಿ, ಟಿವಿಯ ಜ್ಯೋತಿಷಿಗಳ ಬಾಯಲ್ಲಿ ಅದೇ ಮಾತು. ದೆವ್ವ ಇಲ್ಲ ಎಂದು ಎರಡೂವರೆ ಗಂಟೆ ಹೇಳಿದ ಸಿನಿಮಾದಿಂದ ಜನ ದೆವ್ವವನ್ನೇ ಹೊತ್ತುಕೊಂಡು ಹೊರಬಂದರು. ಅದರಲ್ಲೂ ಒಂದು ಮೋಸ ಇದೆ ನೋಡಿ. ಕಥೆಯಲ್ಲಿ ಕೊಂದವನು ರಾಜ, ಸತ್ತವಳು ನಾಗವಲ್ಲಿ. ಹೊರಗಡೆ ಶಾಪದ ಅಪವಾದ ಯಾರಿಗೆ ಬಂತು? ಸತ್ತವಳಿಗೆ. ಕೊಲೆಯಾದವಳೇ ಕೊಲೆಗಾರ್ತಿಯಾದಳು. ಅಭಿಮಾನ ಕಣ್ಣು ಕಟ್ಟಿದರೆ ಆಗುವುದು ಇದೇ. ಆ ಮಾತನ್ನು ಹಬ್ಬಿಸಿದವರಲ್ಲಿ ನಾವೂ ಇದ್ದೆವು. ಆಗ ಹುಡುಗರು ಎಂಬುದು ನೆಪ.

*

ಕೆರೆಬಿಳಚಿಯಿಂದ ಕೂಗಳತೆಯಲ್ಲಿ ಸೂಳೆಕೆರೆ ಇದೆ. ಸರ್ಕಾರದ ಬೋರ್ಡಿನಲ್ಲಿ ಶಾಂತಿಸಾಗರ. ಈ ಕೆರೆಗೂ ಒಂದು ಐತಿಹ್ಯ ಇದೆ, ಹಲವು ರೂಪಗಳಲ್ಲಿ ಹೇಳುತ್ತಾರೆ. ಶಾಂತವ್ವ ಎಂಬ ರಾಜಕುಮಾರಿ ತಾನು ಮೆಚ್ಚಿದವನ ಜೊತೆ ಹೋದಳು. ಅಪ್ಪ ಅವಳನ್ನು ಸೂಳೆ ಎಂದು ಜರೆದ. ಆ ಮಾತಿನ ಉರಿ ಆರಿಸಲು ಅವಳು ಕೆರೆ ಕಟ್ಟಿಸಲು ಹೊರಟಳು. ಕೆರೆಯ ಅಂಗಳಕ್ಕೆ ಬೇಕಾದ ಜಾಗದಲ್ಲಿ ಸೂಳೆಯರು ವಾಸವಾಗಿದ್ದರು. ಅವರು ಸುಮ್ಮನೆ ಎದ್ದು ಹೋಗಲಿಲ್ಲ. ಕೆರೆಗೆ ನಮ್ಮ ಹೆಸರಿಡುವುದಾದರೆ ಜಾಗ ಬಿಡುತ್ತೇವೆ ಎಂದು ಶರತ್ತು ಹಾಕಿದರು. ಶರತ್ತು ನಡೆಯಿತು.

ನಮ್ಮ ಸೀಮೆಯ ಈ ಕಥೆಯನ್ನು ನಾಗವಲ್ಲಿಯ ಕಥೆಯ ಪಕ್ಕದಲ್ಲಿ ಇಟ್ಟು ನೋಡಬೇಕು. ಸಿನಿಮಾದ ನರ್ತಕಿ ಅರಮನೆಯ ಬೀಗ ಹಾಕಿದ ಕೋಣೆಯಲ್ಲಿ ಕೊಳೆಯುತ್ತಾಳೆ. ನಮ್ಮ ಕೆರೆಯ ಹೆಣ್ಣುಗಳು ದೆವ್ವವಾಗಲಿಲ್ಲ, ಬದುಕಿರುವಾಗಲೇ ಕರಾರು ಮಾಡಿಕೊಂಡರು. ಅವರ ಹೆಸರು ನೀರಿನ ಮೇಲೆ ಉಳಿಯಿತು. ಆ ನೀರು ಗದ್ದೆಗೆ ಹರಿಯಿತು, ಅಡಿಕೆ ತೋಟಕ್ಕೆ ಹರಿಯಿತು. ಈಗ ಮರ್ಯಾದಸ್ಥರಿಗೆ ಆ ಹೆಸರು ಹೇಳಲು ನಾಚಿಕೆ. ನೀರು ಬೇಕು, ಹೆಸರು ಬೇಡ. ಹೀಗೆ ಹೆಸರು ಅಳಿಸುವ ಕಡೆಯಿಂದಲೇ ದೆವ್ವ ಹುಟ್ಟುವುದು.

ಕರಾವಳಿಯ ಕಡೆ ಇದು ಇನ್ನೂ ಸ್ಪಷ್ಟ. ಕಾರ್ಕಳದ ಗೊಮ್ಮಟನನ್ನು ಕಡೆದ ಕಲ್ಕುಡನ ಕೈಕಾಲನ್ನು ಅರಸ ಕಡಿಸಿದ ಎಂದು ಪಾಡ್ದನ ಹೇಳುತ್ತದೆ. ಬೇರೆ ಕಡೆ ಇಂಥ ಮೂರ್ತಿ ಮಾಡಬಾರದು ಎಂಬುದು ಕಾರಣ. ತಂಗಿ ಕಲ್ಲುರ್ಟಿ ಸಿಟ್ಟಿಗೆದ್ದು, ಅಣ್ಣತಂಗಿ ಇಬ್ಬರೂ ಭೂತಗಳಾಗಿ ಅರಸನ ಸೀಮೆಯನ್ನು ಕಾಡುತ್ತಾರೆ. ಅಲ್ಲಿ ಜನ ಅವರನ್ನು ಬಿಡಿಸಲಿಲ್ಲ. ಕೂರಿಸಿ, ಕೋಲ ಕೊಟ್ಟು, ಮಾತು ಕೇಳಿದರು. ಅನ್ಯಾಯವಾಗಿ ಸತ್ತ ಕೆಲಸಗಾರ ನ್ಯಾಯ ಹೇಳುವ ದೈವವಾದ. ಕೋಲ ಕಟ್ಟುವವರು ನಲಿಕೆ, ಪಂಬದ, ಪರವ ಜನ. ಕೋಲದ ರಾತ್ರಿ ಯಜಮಾನ ಅವರ ಮುಂದೆ ಕೈಮುಗಿಯುತ್ತಾನೆ. ಬೆಳಿಗ್ಗೆ ಮತ್ತೆ ಅವರನ್ನು ಅಂಗಳದಲ್ಲಿ ನಿಲ್ಲಿಸುತ್ತಾನೆ. ಇದನ್ನು ಮರೆತು 'ನಮ್ಮ ಸಂಸ್ಕೃತಿ' ಎಂದು ಚಪ್ಪಾಳೆ ಹೊಡೆಯುವ ಸಿನಿಮಾ ಅಭಿಮಾನಿಗಳು ಆ ಬೆಳಿಗ್ಗೆಯನ್ನೂ ನೋಡಿ ಬರಬೇಕು.

*

ಹೊರದೇಶದ ಮಾತು ಒಂದಿಷ್ಟು. ಜೋಂಬಿ ಎಂಬ ನಡೆದಾಡುವ ಹೆಣ ಇವತ್ತು ಎಲ್ಲರ ಮೊಬೈಲಿನಲ್ಲೂ ಇದೆ. ಅದು ಹುಟ್ಟಿದ್ದು ಹೈಟಿ ದ್ವೀಪದ ಕರಿಯರ ನಂಬಿಕೆಯಿಂದ. ಫ್ರೆಂಚರ ಕಬ್ಬಿನ ತೋಟಗಳಲ್ಲಿ ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಸಾಯುವತನಕ ದುಡಿದರು. ಸತ್ತರೆ ಬಿಡುಗಡೆ ಎಂಬುದೊಂದೇ ಆಸೆ. ಸತ್ತ ಮೇಲೂ ಎಬ್ಬಿಸಿ ದುಡಿಸಿದರೆ? ಆ ಭಯದ ಹೆಸರು ಜೋಂಬಿ. ಅದೇ ಗುಲಾಮರು 1791ರಲ್ಲಿ ದಂಗೆ ಎದ್ದು 1804ರಲ್ಲಿ ಸ್ವತಂತ್ರರಾದರು. ಅಮೆರಿಕ 1915ರಿಂದ 1934ರತನಕ ಆ ದೇಶವನ್ನು ಆಕ್ರಮಿಸಿಕೊಂಡಿತ್ತು. ಆ ಹೊತ್ತಿನಲ್ಲೇ, 1932ರಲ್ಲಿ, 'ವೈಟ್ ಜೋಂಬಿ' ಎಂಬ ಸಿನಿಮಾ ಬಂತು. ಸಕ್ಕರೆ ಗಿರಣಿಯಲ್ಲಿ ಹೆಣಗಳು ಮಾತಿಲ್ಲದೆ ದುಡಿಯುವ ದೃಶ್ಯ ಅದರಲ್ಲಿದೆ. ಗುಲಾಮನ ಸಂಕಟ ಯಜಮಾನನ ಮನರಂಜನೆಯಾಯಿತು.

ನಮ್ಮ ದೇಶದಲ್ಲಿ ಜೀತ ನಿಷೇಧದ ಕಾನೂನು ಆದದ್ದು 1976ರಲ್ಲಿ. ಅಪ್ಪ ಮಾಡಿದ ಸಾಲಕ್ಕೆ, ಅಪ್ಪ ಸತ್ತ ಮೇಲೆ ಮಗ ಜೀತಕ್ಕೆ ನಿಲ್ಲುತ್ತಿದ್ದ. ಸತ್ತವನ ಹೆಸರಿನ ಮೇಲೆ ಬದುಕಿದವನು ದುಡಿಯುತ್ತಿದ್ದ. ಹೈಟಿಯ ಆ ಭಯ ನಮ್ಮ ತಾತನಿಗೆ ಒಂದೇ ಮಾತಿನಲ್ಲಿ ಅರ್ಥವಾಗುತ್ತಿತ್ತು.

1968ರಲ್ಲಿ ಜಾರ್ಜ್ ರೊಮೆರೊ ಸಣ್ಣ ಬಂಡವಾಳದಲ್ಲಿ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಎಂಬ ಕಪ್ಪುಬಿಳುಪು ಸಿನಿಮಾ ಮಾಡಿದ. ಅದರ ನಾಯಕ ಡ್ವೇನ್ ಜೋನ್ಸ್ ಎಂಬ ಕರಿಯ ನಟ. ಒಂದು ಮನೆಯಲ್ಲಿ ಸಿಕ್ಕಿಕೊಂಡ ಜನರನ್ನು ಉಳಿಸಲು ಅವನು ರಾತ್ರಿಯಿಡೀ ಹೆಣಗುತ್ತಾನೆ. ಹೆಣಗಳಿಂದ ತಪ್ಪಿಸಿಕೊಂಡು ಬೆಳಗು ಕಾಣುತ್ತಾನೆ. ಬೆಳಿಗ್ಗೆ ರಕ್ಷಣೆಗೆಂದು ಬಂದ ಬಿಳಿಯರ ಬಂದೂಕಿನ ಗುಂಪು, ಕಿಟಕಿಯಲ್ಲಿ ಕಂಡ ಅವನನ್ನು ಹೆಣ ಎಂದೇ ತಿಳಿದು ಗುಂಡು ಹೊಡೆಯುತ್ತದೆ. ಮಾರ್ಟಿನ್ ಲೂಥರ್ ಕಿಂಗರ ಕೊಲೆಯಾದದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ. ಆ ಕೊನೆಯ ದೃಶ್ಯ ನೋಡಿದ ದಿನ ಹಾಸ್ಟೆಲಿನ ರೂಮಿನಲ್ಲಿ ಯಾರೂ ನಗಲಿಲ್ಲ. ದೆವ್ವದಿಂದ ಉಳಿದವನು ಮನುಷ್ಯರಿಂದ ಉಳಿಯಲಿಲ್ಲ. ನಮ್ಮ ತಾತನ ತಕ್ಕಡಿ ಅಲ್ಲೂ ತೂಗುತ್ತಿತ್ತು.

*

ಇನ್ನು ಅಣಕದ ವಿಷಯ. ಅಮೆರಿಕದಲ್ಲಿ 1975ರಲ್ಲಿ 'ರಾಕಿ ಹಾರರ್ ಪಿಕ್ಚರ್ ಶೋ' ಎಂಬ ಸಿನಿಮಾ ಬಂತು. ಹಳೇ ಭಯಾನಕ ಸಿನಿಮಾಗಳನ್ನು ಗೇಲಿ ಮಾಡುವ ಹಾಡುಕುಣಿತದ ಸಿನಿಮಾ. ಮೊದಲು ಓಡಲಿಲ್ಲ. ಮಧ್ಯರಾತ್ರಿ ಪ್ರದರ್ಶನಗಳಲ್ಲಿ ಅದಕ್ಕೆ ಹುಚ್ಚು ಅಭಿಮಾನಿಗಳು ಹುಟ್ಟಿಕೊಂಡರು. ಪರದೆಯ ಕಡೆ ಕೂಗುವುದು, ಅಕ್ಕಿ ಎರಚುವುದು, ಪಾತ್ರದಂತೆ ವೇಷ ಹಾಕಿ ಬರುವುದು. ಇದರ ಬಗ್ಗೆ ಪಂಡಿತರು ದೊಡ್ಡ ದೊಡ್ಡ ಪುಸ್ತಕ ಬರೆದಿದ್ದಾರೆ. ನಮಗೆ ಓದುವಾಗ ನಗು ಬಂತು. ಟೂರಿಂಗ್ ಟಾಕೀಸಿನ ನೆಲದ ಮೇಲೆ ಕೂತ ನಮ್ಮವರು ಅದನ್ನೇ ಅಲ್ಲವೇ ಮಾಡುತ್ತಿದ್ದದ್ದು? 'ಹಿಂದೆ ನೋಡೋ, ಬಂದ್ಲು ನೋಡೋ' ಎಂದು ನಾಯಕನಿಗೆ ಕೂಗಿ ಹೇಳುತ್ತಿದ್ದರು, ಪರದೆಗೆ ಚಿಲ್ಲರೆ ಎಸೆಯುತ್ತಿದ್ದರು. ಅವರು ಮಾಡಿದರೆ ಸಂಸ್ಕೃತಿಯ ಅಧ್ಯಯನ, ನಾವು ಮಾಡಿದರೆ ಗಾಂಧಿ ಕ್ಲಾಸಿನ ಗಲಾಟೆ.

ಕನ್ನಡದಲ್ಲಿ ಉಪೇಂದ್ರರ 'ಶ್!' (1993) ಇದೆ. ದೆವ್ವದ ಸಿನಿಮಾ ತೆಗೆಯಲು ಹೋದವರೇ ಹೆದರಿ ನಡುಗುವ ಕಥೆ. ಹೆದರಿಸುವ ಯಂತ್ರದ ತಿರುಪುಗಳನ್ನು ಬಿಚ್ಚಿ ತೋರಿಸಿದ ಸಿನಿಮಾ ಎಂದು ನಾವು ಅದನ್ನು ಮೆಚ್ಚುತ್ತೇವೆ. ಹೆದರಿಕೆ ತಾನಾಗಿ ಬರುವುದಿಲ್ಲ, ಯಾರೋ ತಯಾರಿಸುತ್ತಾರೆ ಎಂದು ಅರಿತವನು ದೇವಸ್ಥಾನದ ಮುಂದೆಯೂ ಅದೇ ಪ್ರಶ್ನೆ ಕೇಳಬಲ್ಲ.

1990ರ ದಶಕದಲ್ಲಿ ಬೆಂಗಳೂರಿನಿಂದ ಹಿಡಿದು ಎಷ್ಟೋ ಊರುಗಳ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರು. ರಾತ್ರಿ ಹೆಣ್ಣು ದೆವ್ವವೊಂದು ಗುರುತಿನವರ ಧ್ವನಿಯಲ್ಲಿ ಕರೆಯುತ್ತದೆ, ಬಾಗಿಲ ಮೇಲಿನ ಬರಹ ಓದಿ ವಾಪಸ್ಸು ಹೋಗುತ್ತದೆ, ಮಾರನೇ ದಿನ ಬಂದು ಮತ್ತೆ ಅದನ್ನೇ ಓದಿ ಹೋಗುತ್ತದೆ. ನಮ್ಮ ಕೇರಿಯಲ್ಲೂ ಬರೆಸಿದ್ದರಂತೆ. ಬರೆಯಲು ಬರುವವರು ಯಾರೂ ಇಲ್ಲದೆ ಮೂರನೇ ಕ್ಲಾಸಿನ ಹುಡುಗನನ್ನು ಹಿಡಿದು ತಂದರಂತೆ. ಅವನು 'ನಾಳೆ ಬಾ' ಎಂಬುದನ್ನು 'ನಾಳ ಬಾ' ಎಂದು ಬರೆದನಂತೆ. ಅವ್ವ ಇದನ್ನು ಹೇಳಿ ನಗುತ್ತಿದ್ದಳು. ನಾವೂ ನಗುತ್ತಿದ್ದೆವು. ಒಂದು ದಿನ ನಗು ಗಂಟಲಲ್ಲಿ ನಿಂತಿತು. ದೆವ್ವಕ್ಕೆ ಓದು ಬರುತ್ತಿತ್ತು, ನಮ್ಮ ಅವ್ವನಿಗೆ ಬರುತ್ತಿರಲಿಲ್ಲ. ಸ್ವತಂತ್ರ ಭಾರತದಲ್ಲಿ ದೆವ್ವ ಸಾಕ್ಷರವಾಗಿತ್ತು, ಕೇರಿ ಆಗಿರಲಿಲ್ಲ.

'ನಾಳೆ ಬಾ' ಎಂಬುದು ನಮಗೆ ಬೇರೆ ಕಡೆಯೂ ಪರಿಚಯ. ತಾಲ್ಲೂಕು ಕಚೇರಿಯಲ್ಲಿ ಜಾತಿ ಪ್ರಮಾಣಪತ್ರ ಕೇಳಿದಾಗ, ಸ್ಕಾಲರ್‌ಶಿಪ್ ಕೇಳಿದಾಗ, ಸುಡುಗಾಡಿಗೆ ಎರಡು ಗುಂಟೆ ಜಾಗ ಕೇಳಿದಾಗ ಕಿಟಕಿಯ ಆಚೆಯಿಂದ ಬಂದ ಉತ್ತರ ಅದೇ. ದೆವ್ವವನ್ನು ಓಡಿಸುವ ಮಂತ್ರವನ್ನೇ ನಮ್ಮ ಮೇಲೂ ಪ್ರಯೋಗ ಮಾಡಿದರು. ದೆವ್ವದ ಹಾಗೆಯೇ ನಾವೂ ಮಾರನೇ ದಿನ ಹೋದೆವು.

ಈ ನಂಬಿಕೆಯಿಂದಲೇ ಹಿಂದಿಯಲ್ಲಿ 'ಸ್ತ್ರೀ' (2018) ಸಿನಿಮಾ ಹುಟ್ಟಿತು. ಅಲ್ಲಿ ರಾತ್ರಿ ಹೊರಗೆ ಹೋಗಲು ಹೆದರುವವರು ಗಂಡಸರು. ಮನೆಯೊಳಗೆ ಕೂತು ಹೆಂಡತಿ ಬರುವುದನ್ನೇ ಕಾಯುವವರು ಗಂಡಸರು. ಅಣಕ ಅಂದರೆ ಹೀಗೆ ಭಯವನ್ನು ತಲೆಕೆಳಗು ಮಾಡಬೇಕು. ಹೋದ ವರ್ಷಗಳಲ್ಲಿ ಕನ್ನಡದಲ್ಲಿ ಬಂದವುಗಳಲ್ಲಿ ಜೆ.ಪಿ. ತುಮಿನಾಡು ನಿರ್ದೇಶಿಸಿದ 'ಸು ಫ್ರಮ್ ಸೋ' (2025) ಈ ದಾರಿಯದು. ಸೋಮೇಶ್ವರದ ಸುಲೋಚನಾ ಎಂಬ ಸತ್ತ ಹೆಂಗಸು ಮೈಮೇಲೆ ಬಂದಳು ಎಂದು ಒಬ್ಬ ಹುಡುಗ ಸುಳ್ಳು ಆಟ ಹೂಡುತ್ತಾನೆ, ಊರಿಗೆ ಊರೇ ನಂಬುತ್ತದೆ. ನಾವು ನಕ್ಕು ನಕ್ಕು ಸುಸ್ತಾದ ಮೇಲೆ, ಆ ಹೆಸರಿನ ಹಿಂದೆ ನಿಜವಾದ ಮನೆಯೊಂದು ಇದೆ, ಸಂಕಟದಲ್ಲಿರುವ ಹೆಣ್ಣುಮಗಳು ಇದ್ದಾಳೆ ಎಂದು ಸಿನಿಮಾ ತೋರಿಸುತ್ತದೆ. ನಮ್ಮ ನಗುವೇ ನಮ್ಮನ್ನು ತಿರುಗಿ ನೋಡುತ್ತದೆ. ಗೊಂಬೆಯ ನ್ಯಾಯಕ್ಕಿಂತ ಇದು ಒಂದು ಹೆಜ್ಜೆ ಮುಂದೆ.

ಎಲ್ಲ ಅಣಕವೂ ಹೀಗಿಲ್ಲ. ಹೆಚ್ಚಿನ ಹಾರರ್ ಕಾಮಿಡಿಗಳಲ್ಲಿ ನಗೆಪಾಟಲಾಗುವವನು ಮನೆಯ ಆಳು, ಅಡುಗೆಯವನು, ತೋಟದ ಮಾಲಿ. ಕಪ್ಪಗಿರುವವನನ್ನು ಕತ್ತಲಲ್ಲಿ ನಿಲ್ಲಿಸಿ ಹಲ್ಲು ಮಾತ್ರ ತೋರಿಸಿ ದೆವ್ವ ಎನ್ನುತ್ತಾರೆ. ಸ್ಮಶಾನ ಕಾಯುವವನನ್ನು ಕೆಂಪು ಕಣ್ಣಿನ ಕುಡುಕನಾಗಿ ಮಾಡುತ್ತಾರೆ. ಶಾಲೆಯಲ್ಲಿ ನಮ್ಮ ಗೆಳೆಯನೊಬ್ಬನಿಗೆ ಒಂದು ಸಿನಿಮಾ ದೆವ್ವದ ಹೆಸರು ಅಂಟಿತ್ತು. ಇಟ್ಟವರು ಹುಡುಗರು, ಹಾಜರಿ ಕರೆಯುವಾಗ ಅದೇ ಹೆಸರು ಹೇಳಿ ನಗಿಸಿದವರು ಮೇಷ್ಟ್ರು. ಅವನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ. ಅಭಿಮಾನಿಗಳೇ, ನಮ್ಮ ತಮಾಷೆಗೆ ಇಂಥ ಬೆಲೆಯೂ ಇರುತ್ತದೆ.

*

ನಮ್ಮ ವಿಚಾರವಾದಿ ಗೆಳೆಯರಿಗೂ ಎರಡು ಮಾತು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಅವರ ದಾರಿಯನ್ನು ನಾವು ಗೌರವಿಸುತ್ತೇವೆ. ಕರ್ನಾಟಕದ ವಾಮಾಚಾರ ಪ್ರತಿಬಂಧ ಕಾನೂನು 2017ರಲ್ಲಿ ಪಾಸಾಗಿ 2020ರಲ್ಲಿ ಜಾರಿಗೆ ಬಂತು. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು ಈಗ ಅಪರಾಧ. ನರೇಂದ್ರ ದಾಭೋಲ್ಕರರು 2013ರಲ್ಲಿ, ಎಂ.ಎಂ. ಕಲಬುರ್ಗಿಯವರು 2015ರಲ್ಲಿ ಗುಂಡಿಗೆ ಬಲಿಯಾದದ್ದನ್ನು ನೆನೆದರೆ, ದೆವ್ವ ಇಲ್ಲ ಎಂದು ಹೇಳುವುದಕ್ಕೂ ಈ ನಾಡಿನಲ್ಲಿ ಎಷ್ಟು ರಕ್ತ ಬೇಕು ಎಂದು ತಿಳಿಯುತ್ತದೆ. ದೆವ್ವ ಇಲ್ಲ. ಇದರಲ್ಲಿ ನಮಗೆ ಯಾವ ರಾಜಿಯೂ ಇಲ್ಲ.

ಆದರೆ ದೆವ್ವ ಇಲ್ಲ ಎಂದು ಹೇಳಿ ಎದ್ದು ಹೋದರೆ ಅರ್ಧ ಕೆಲಸ. ದೆವ್ವದ ಕಥೆಯಲ್ಲಿ ಸತ್ತವಳು ಇದ್ದಳಲ್ಲ, ಅವಳನ್ನು ಕೊಂದವನು ಇದ್ದನಲ್ಲ, ಅವರೂ ಇಲ್ಲವೇ? ಮೈಮೇಲೆ ಬಂದ ಹೆಂಗಸು ಆ ಹೊತ್ತಿನಲ್ಲಿ ಅತ್ತೆಗೆ, ಗಂಡನಿಗೆ, ಯಜಮಾನನಿಗೆ ಏಕವಚನದಲ್ಲಿ ಬಯ್ಯುತ್ತಾಳೆ. ಬೇರೆ ಯಾವ ಹೊತ್ತಿನಲ್ಲೂ ಅವಳಿಗೆ ಆ ಅವಕಾಶ ಇಲ್ಲ. ಅವಳು ಏನು ಬಯ್ದಳು ಎಂದು ಬರೆದುಕೊಂಡ ವಿಚಾರವಾದಿ ಎಷ್ಟು ಜನ? ದೇವನೂರ ಮಹಾದೇವರ 'ಕುಸುಮಬಾಲೆ'ಯಲ್ಲಿ ಜೋತಮ್ಮಗಳು ಮಾತಾಡುತ್ತವೆ, ಮಂಚ ಮಾತಾಡುತ್ತದೆ. ಅದನ್ನು ಯಾರೂ ಮೂಢನಂಬಿಕೆ ಎನ್ನುವುದಿಲ್ಲ. ಮನುಷ್ಯರು ಬಾಯಿ ಮುಚ್ಚಿದ ಕಡೆ ಅವು ಬಾಯಿ ಬಿಡುತ್ತವೆ. ದಲಿತ ಸಾಹಿತ್ಯಕ್ಕೆ ಗೊತ್ತಿರುವ ಈ ವಿದ್ಯೆ ನಮ್ಮ ಸಿನಿಮಾಕ್ಕೆ ಇನ್ನೂ ಬಂದಿಲ್ಲ.

ನಮಗೆ ಬೇಕಾದ ದೆವ್ವದ ಸಿನಿಮಾ ಎಂಥದ್ದು? ಕ್ಯಾಮೆರಾ ಬಂಗಲೆಯ ಒಳಗಿನಿಂದ ಹೊರಗೆ ನೋಡುವುದು ಸಾಕು. ಕೇರಿಯ ಕಡೆಯಿಂದ ಬಂಗಲೆಯನ್ನು ನೋಡಬೇಕು. ಗುಂಡಿ ತೋಡುವವನು ಕಥೆ ಹೇಳಬೇಕು, ಯಾಕೆಂದರೆ ಊರಿನಲ್ಲಿ ಯಾರನ್ನು ಎಲ್ಲಿ ಹೂತಿದ್ದಾರೆ ಎಂದು ಗೊತ್ತಿರುವವನು ಅವನೊಬ್ಬನೇ. ಕೊನೆಗೆ ಆಚಾರ್ಯರೂ ಬೇಡ, ಗೊಂಬೆಯೂ ಬೇಡ. ಬೀಗ ಹಾಕಿದ ಕೋಣೆಯ ಬಾಗಿಲು ತೆಗೆದು, ಒಳಗಿರುವ ಮೂಳೆಗಳಿಗೆ ಹೆಸರು ಹೇಳಿದರೆ ಸಾಕು. ಅಂಥ ಸಿನಿಮಾ ಬಂದರೆ ಮೊದಲ ದಿನ, ಮೊದಲ ಆಟ, ಮೊದಲ ಸಾಲು ನಮ್ಮದು.

ಹಳ್ಳಿಯ ಶಾಲೆಗಳಲ್ಲಿರುವ ಮೇಷ್ಟ್ರುಗಳಿಗೆ ಒಂದು ವಿನಂತಿ. ನಿಮ್ಮ ಮಕ್ಕಳು ರಾತ್ರಿ ನೋಡಿದ ದೆವ್ವದ ಸಿನಿಮಾದ ಕಥೆಯನ್ನು ತರಗತಿಯಲ್ಲಿ ಹೇಳಲಿ, ಬಯ್ಯಬೇಡಿ. ಹೇಳಿ ಮುಗಿಸಿದ ಮೇಲೆ ಮೂರು ಪ್ರಶ್ನೆ ಕೇಳಿ: ದೆವ್ವ ಬದುಕಿದ್ದಾಗ ಯಾರಾಗಿದ್ದಳು? ಅವಳನ್ನು ಕೊಂದವರು ಯಾರು? ಕೊಂದವರ ಜಮೀನು ಈಗ ಯಾರ ಹೆಸರಿನಲ್ಲಿದೆ? ಮೊದಲ ಎರಡಕ್ಕೆ ಎಲ್ಲ ಮಕ್ಕಳೂ ಉತ್ತರ ಹೇಳುತ್ತಾರೆ. ಮೂರನೆಯದಕ್ಕೆ ಹಿಂದಿನ ಬೆಂಚಿನಲ್ಲಿ ಕೂತ ಕೇರಿಯ ಹುಡುಗಿ ಕೈ ಎತ್ತಬಹುದು. ಅವಳ ಮಾತನ್ನು ಪೂರ್ತಿ ಕೇಳಿ, ನಾಳೆ ಬಾ ಎನ್ನಬೇಡಿ.